ಕತ್ತರಿಯಕ್ಕನ ಏಳು ಪರದೆಗಳು

ಕತ್ತರಿಯಕ್ಕನಿಗೆ ಆ ಹೆಸರು ಬಂದದ್ದು ಕೈಯಲ್ಲಿದ್ದ ಕತ್ತರಿಯಿಂದಲೋ ಬಾಯಲ್ಲಿದ್ದದ್ದರಿಂದಲೋ ಎಂದು ಕೇಳಿದರೆ ಬೀದಿಯವರು ನಗುತ್ತಾರೆ. ನಗುವ ಮುಂಚೆ ಒಮ್ಮೆ ಹಿಂದೆ ತಿರುಗಿ, ಅವಳು ಹತ್ತಿರದಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅರವತ್ತೊಂದು ವಯಸ್ಸು, ಕಡ್ಡಿ ಮೈ, ಮೂಗಿನ ತುದಿಯಲ್ಲೇ ಕೋಪ. ಗಂಡ ಇದ್ದ, ಒಂದು ದಿನ ಹೋದವನು ಬರಲಿಲ್ಲ. ಅವಳೂ ಹುಡುಕಲಿಲ್ಲ. "ಬಾಗಿಲು ಹಾಕ್ಕೊಂಡು ಹೋಗೋ ಬುದ್ಧಿನೂ ಇರ್ಲಿಲ್ಲ ಅವನಿಗೆ" ಎಂದು ಅಷ್ಟಕ್ಕೇ ಆ ಅಧ್ಯಾಯ ಮುಗಿಸುತ್ತಿದ್ದಳು.

ಅವಳು ಇಪ್ಪತ್ತೇಳು ವರ್ಷ ಕಿಟಕಿ ಪರದೆ ಮಾಡುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ಒಂದು ಪದ್ಧತಿಯಿತ್ತು. ಪರದೆಯ ಕೆಳತುದಿಯಲ್ಲಿ ಭಾರಕ್ಕೆಂದು ಒಂದು ಟೊಳ್ಳು ಪಟ್ಟಿ ಇರುತ್ತದೆ, ಅದಕ್ಕೆ ತಳಪಟ್ಟಿ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಅದರೊಳಗೆ ತಮ್ಮ ತಮ್ಮ ಬಣ್ಣದ ಒಂದು ತುಂಡು ದಾರ ಕಟ್ಟಿ ಮುಚ್ಚಳ ಹಾಕಬೇಕು. ಇದು ಸನ್ಮಾನಕ್ಕಲ್ಲ, ಬೈಗುಳಕ್ಕೆ. ಮಾಲು ಕೆಟ್ಟು ವಾಪಸು ಬಂದರೆ ಮೇಸ್ತ್ರಿ ಪಟ್ಟಿ ಬಿಚ್ಚಿ, ದಾರದ ಬಣ್ಣ ನೋಡಿ, ಯಾರ ಮೇಲೆ ಹರಿಹಾಯಬೇಕೋ ತಿಳಿದುಕೊಳ್ಳುತ್ತಿದ್ದ. ಕತ್ತರಿಯಕ್ಕನದು ಕೆಂಪು. ಇಪ್ಪತ್ತೇಳು ವರ್ಷದಲ್ಲಿ ಕೆಂಪು ದಾರದ ಒಂದೇ ಒಂದು ಪರದೆ ವಾಪಸು ಬರಲಿಲ್ಲ. ಇದನ್ನು ಅವಳು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದಳು. ಯಾರೂ ಸಿಗದಿದ್ದರೆ ಒಲೆಗೆ ಹೇಳುತ್ತಿದ್ದಳು.

ಕಾರ್ಖಾನೆ ಮುಚ್ಚಿತು. ಅದೇ ವರ್ಷ ಅವಳಿದ್ದ ಬಾಡಿಗೆ ಮನೆಯನ್ನು ಮಾಲೀಕ ಒಡೆಸಿದ. ಹೊಲಿಗೆ ಮಿಷನ್ನು, ಒಂದು ಟ್ರಂಕು, ಒಂದು ಒಲೆ ಎತ್ತಿಕೊಂಡು ಅವಳು ತಮ್ಮನ ಮನೆಗೆ ಬಂದಳು. ತಮ್ಮ ಗ್ಯಾರೇಜಿನವನು. ಹಳೆ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿ, ಮಾರುವವನು. ಒಳ್ಳೆಯವನೇ, ಆದರೆ ಮಾತು ಮಾತ್ರ ಸದಾ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಗ್ಯಾರೇಜಿನ ಪಕ್ಕದಲ್ಲಿ, ಮನೆಯ ಅಡುಗೆಕೋಣೆಗೆ ಎದುರಾಗಿ, ಒಂದು ಸಣ್ಣ ಕೋಣೆಯಿತ್ತು. ಕತ್ತರಿಯಕ್ಕ ಅದನ್ನು ಕೇಳಿದಳು. ತಮ್ಮ ಹೆಂಡತಿಯ ಮುಖ ನೋಡಿದ. ಹೆಂಡತಿ, "ಅಯ್ಯೋ, ಮತ್ತೆ ಟಯರೆಲ್ಲ ಎಲ್ಲಿಡೋದು ಅತ್ತಿಗೆ?" ಎಂದಳು. ಒಟ್ಟಿನಲ್ಲಿ ಟಯರುಗಳಿಗೆ ಕೋಣೆ ಸಿಕ್ಕಿತು, ಅಕ್ಕನಿಗೆ ಅಂಗಳದಲ್ಲಿ ನಿಂತಿದ್ದ ಒಂದು ಹಳೆ ಮೋಟಾರ್ ಹೋಮ್ ಸಿಕ್ಕಿತು.

ತಮ್ಮ ಅದನ್ನು ಮೋಟಾರ್ ಹೋಮ್ ಎನ್ನುತ್ತಿದ್ದ, ಅವಳು ಡಬ್ಬ ಎನ್ನುತ್ತಿದ್ದಳು. ಬಸ್ಸಿಗಿಂತ ಗಿಡ್ಡ, ವ್ಯಾನಿಗಿಂತ ಉದ್ದ. ಒಳಗೆ ಒಂದು ಮೊಳದ ಅಡುಗೆ ಕಟ್ಟೆ, ಮಡಚುವ ಮೇಜು, ಹಿಂಬದಿಗೆ ಮಂಚ. ಏಳು ಕಿಟಕಿ. ಏಳಕ್ಕೂ ನಿರಿಗೆ ಪರದೆ, ಅಂದರೆ ಎಳೆದರೆ ಬಿಚ್ಚಿಕೊಳ್ಳುವ, ಎತ್ತಿದರೆ ಮಡಚಿಕೊಳ್ಳುವ ಜಾತಿಯದು. ದಾರದ ಬಿಗಿಯಲ್ಲೇ ಅದು ಬಿಟ್ಟಲ್ಲಿ ನಿಲ್ಲಬೇಕು. ಡಬ್ಬದ ಪರದೆಗಳಲ್ಲಿ ಆ ಬಿಗಿ ಸತ್ತು ಯಾವ ಕಾಲವಾಗಿತ್ತೋ. ಒಂದು ಎಡಕ್ಕೆ ವಾಲಿತ್ತು, ಒಂದು ಬಲಕ್ಕೆ, ಇನ್ನೊಂದು ಪೂರ್ತಿ ಕಳಚಿ ಕಿಟಕಿಯ ಅಂಚಿಗೆ ಬಿದ್ದಿತ್ತು. ಎಲ್ಲವೂ ಚಹಾ ಚೆಲ್ಲಿದ ಬಣ್ಣ. ಊರಿಗೆಲ್ಲ ಪರದೆ ಮಾಡಿದವಳು ತನ್ನ ಕಿಟಕಿಗೆ ಹಳೆ ಪೇಪರು ಅಂಟಿಸಿಕೊಂಡು ಮೂರು ವರ್ಷ ಬದುಕಿದಳು.

ಸೋಮಾರಿತನ ಎಂದುಕೊಳ್ಳಬೇಡಿ. ಗಾಡಿ ಮಾರಾಟಕ್ಕಿತ್ತು. ಮಾರಾಟವಾದ ದಿನ ಅವಳಿಗೆ ಬೇರೆ ಜಾಗವನ್ನು ತಮ್ಮನ ಹೆಂಡತಿ ಆಗಲೇ ನೋಡಿಟ್ಟಿದ್ದಳು: ಪೇಟೆಯಾಚೆಗಿನ ವೃದ್ಧರ ವಸತಿ, ಒಂದು ಹಾಲಿನಲ್ಲಿ ಹನ್ನೆರಡು ಮಂಚ, ಒಬ್ಬೊಬ್ಬರಿಗೆ ಒಂದೇ ಪೆಟ್ಟಿಗೆ, ಹೊಲಿಗೆ ಮಿಷನ್ನಿಗೆ ಪ್ರವೇಶವಿಲ್ಲ. ಕತ್ತರಿಯಕ್ಕ ಒಮ್ಮೆ ಹೋಗಿ ನೋಡಿ ಬಂದು ಮೂರು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಮನೆಗೋ ಗಾಡಿಗೋ ಗಿರಾಕಿ ಬಂದರೆ ಮೊದಲು ಕಣ್ಣು ಹೋಗುವುದು ಕಿಟಕಿಗೆ ಎಂಬುದು ಅವಳ ಇಪ್ಪತ್ತೇಳು ವರ್ಷದ ವಿದ್ಯೆ. ಪರದೆ ಜೋತುಬಿದ್ದಿದ್ದರೆ ಎಂಜಿನ್ನೂ ಜೋತುಬಿದ್ದಿದೆ ಎಂದೇ ಜನ ತಿಳಿಯುತ್ತಾರೆ. ಮೂರು ವರ್ಷದಲ್ಲಿ ಐದು ಪಾರ್ಟಿಗಳು ಬಂದವು, ಒಳಗೆ ಇಣುಕಿದವು, ಹೋದವು. ನಾಲ್ಕನೆಯವರು ಬರುವ ಮುನ್ನ ಅವಳು ಗಟ್ಟಿಯಿದ್ದ ಒಂದು ದಾರವನ್ನೂ ಕಚಕ್ಕನೆ ಕತ್ತರಿಸಿದ್ದಳು. ಅದು ಬೇರೆ ಯಾರೋ ಮಾಡಿದ ಮಾಲು, ಅವಳದಲ್ಲ. ಹಾಗಾಗಿ ಮನಸ್ಸಿಗೆ ಏನೂ ಅನ್ನಿಸಲಿಲ್ಲ.

ಆರನೆಯ ಪಾರ್ಟಿ ಭಾನುವಾರ ಬರುತ್ತದೆ ಎಂದು ತಮ್ಮ ಸೋಮವಾರ ಬೆಳಿಗ್ಗೆಯೇ ಅಂಗಳಕ್ಕೆ ಬಂದು ನಿಂತ. ಕೈಯಲ್ಲಿ ಎಣ್ಣೆ ಬಟ್ಟೆ, ನೋಟ ನೆಲದ ಮೇಲೆ.

"ಅಕ್ಕ, ಈ ಸಲ ಒಳ್ಳೆ ಜನ. ಗಂಡ ಹೆಂಡತಿ ಇಬ್ರೂ ರಿಟೈರ್ ಆಗಿದಾರೆ. ಊರೂರು ಸುತ್ತಬೇಕಂತೆ. ಎಂಜಿನ್ ನೋಡಿ ಒಪ್ಕೊಂಡು ಹೋದ್ರು. ಒಳಗೆ ಮಾತ್ರ..."

"ಒಳಗೆ ನಾನಿದೀನಿ. ಅದೇ ತಾನೇ ತೊಂದ್ರೆ?"

"ಛೆ, ಹಾಗಲ್ಲ. ಪರದೆ. ಆ ಪರದೆಗಳನ್ನ ನೀನೇ ಏನಾದ್ರೂ..."

"ಹೊಸದು ಹಾಕ್ಸು."

"ಏಳು ಕಿಟಕಿಗೂ ಹೊಸದು ಮಾಡ್ಸಿದ್ರೆ ನಾಲ್ಕು ಟಯರಿಗಿಂತ ಜಾಸ್ತಿ ಆಗತ್ತೆ ಅಕ್ಕ. ಅಷ್ಟು ನನ್ನ ಕೈಲಿಲ್ಲ. ಇದ್ದಿದ್ದರಲ್ಲೇ ಏನಾದ್ರೂ..."

"ಇದ್ದಿದ್ದರಲ್ಲಿ ಏನಿದೆ? ಸತ್ತಿದೆ ಅದು. ಹೂಳು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಮ್ಮನ ಹೆಂಡತಿ ಬಟ್ಟೆ ಒಣಹಾಕುವ ನೆಪದಲ್ಲಿ ಅಲ್ಲೇ ಇದ್ದಳು. ಈ ಇಬ್ಬರು ಹೆಂಗಸರು ಎಣ್ಣೆ ಸೀಗೆಕಾಯಿ ಎಂದು ಬೇರೆ ಹೇಳಬೇಕಾಗಿಲ್ಲ. ಕತ್ತರಿಯಕ್ಕ ಎದುರಿಗೇ ಹಾರುವವಳು. ಅವಳು ಜೇನು ಸವರಿ ಚುಚ್ಚುವವಳು.

"ಬಿಡ್ರೀ, ಪಾಪ, ಅತ್ತಿಗೆಗೆ ಯಾಕೆ ಹಿಂಸೆ ಕೊಡ್ತೀರಾ" ಎಂದಳು ಅವಳು, ಗಂಡನ ಅಂಗಿ ಒದರುತ್ತಾ. "ಅವರ ಕೈ ಹೋಗಿದೆ. ವಯಸ್ಸಾದ್ಮೇಲೆ ಎಲ್ರಿಗೂ ಹೋಗತ್ತೆ. ಈಗ ಸೂಜಿ ಕಣ್ಣು ಹುಡುಕೋಕೇ ಅರ್ಧ ಗಂಟೆ ಬೇಕು ಅವರಿಗೆ. ಮಾಡಕ್ಕಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ನಾಚ್ಕೆ, ಅಷ್ಟೆ."

ಕತ್ತರಿಯಕ್ಕ ಎದ್ದಳು. ಡಬ್ಬದೊಳಗೆ ಹೋಗಿ, ಸೂಜಿ ದಾರ ತಂದು, ತಮ್ಮನ ಹೆಂಡತಿಯ ಮೂಗಿನ ಮುಂದೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿದಳು.

"ಭಾನುವಾರ ತಾನೇ?" ಎಂದಳು. "ಬರ್ಲಿ. ಏಳೂ ಕಿಟಕಿ ನೋಡ್ಕೊಂಡು ಹೋಗ್ಲಿ. ಕೈ ಯಾರದ್ದು ಹೋಗಿದೆ ಅಂತ ಆಮೇಲೆ ಮಾತಾಡೋಣ."

ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡೆ ಎಂಬುದು ಅವಳಿಗೆ ಒಳಗೆ ಹೋಗಿ ಕೂತ ಮೇಲೆ ಹೊಳೆಯಿತು. ಆದರೆ ಮಾತು ಬಾಯಿಂದ ಹೊರಟಾಗಿತ್ತು. ಸೂರು ಹೋದರೆ ಇನ್ನೊಂದು ಸೂರು ಸಿಕ್ಕೀತು, ಕೈ ಹೋಗಿದೆ ಎನ್ನಿಸಿಕೊಂಡು ಆ ಹೆಂಗಸಿನ ಅಂಗಳದಲ್ಲಿ ಒಂದು ದಿನವೂ ಬಾಳಲಾರೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳ ಕೈ ಬಹಳ ಚೆನ್ನಾಗಿ ಓಡುತ್ತಿತ್ತು.

ಮಂಗಳವಾರ ಏಳೂ ಪರದೆ ಇಳಿಸಿದಳು. ಯಾವುದು ಯಾವ ಕಿಟಕಿಯದು ಎಂದು ಬಳಪದಲ್ಲಿ ಗುರುತು ಹಾಕಿದಳು. ಸ್ನಾನದ ಟಬ್ಬಿನಲ್ಲಿ ಉಗುರು ಬೆಚ್ಚಗಿನ ಸೋಪು ನೀರು ಬಿಟ್ಟು, ಒಂದೊಂದನ್ನೇ ಮಲಗಿಸಿ, ಹಳೆ ಶೇವಿಂಗ್ ಬ್ರಷ್ಷಿನಿಂದ ನಿರಿಗೆ ನಿರಿಗೆಯಾಗಿ ತಿಕ್ಕಿದಳು. ನೀರು ಮೂರು ಸಲ ಕಪ್ಪಾಯಿತು. ಇನ್ನು ಒಣಗಿಸುವುದು. ಒದ್ದೆ ಪರದೆಯನ್ನು ನಿರಿಗೆ ಸೇರಿಸಿ ಮುಚ್ಚಿ, ಎರಡೂ ತುದಿಗೆ ಬಟ್ಟೆ ಕ್ಲಿಪ್ಪು ಹಾಕಿ, ನೆರಳಲ್ಲಿ ಎರಡು ದಿನ ಬಿಡಬೇಕು. ಆಗ ಸತ್ತ ನಿರಿಗೆಗೆ ಮತ್ತೆ ಜೀವ ಬರುತ್ತದೆ. ಬಿಚ್ಚಿ ಬಿಸಿಲಿಗೆ ಹಾಕಿದರೆ ಅದು ಪರದೆಯಲ್ಲ, ಮಾಮೂಲಿ ಒಗೆದ ಬಟ್ಟೆ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಬೀಳುತ್ತಿದ್ದ ಬೈಗುಳ ಇದೇ.

ಗುರುವಾರದಿಂದ ಪೋಣಿಸುವ ಕೆಲಸ. ಹೊಸ ದಾರಕ್ಕೆ ಮೀನು ಹಿಡಿಯುವವರ ಅಂಗಡಿಗೆ ಹೋಗಿ ಗಾಳದ ಹೆಣೆದ ದಾರ ತಂದಳು. ಪರದೆ ದಾರದ ಕಾಲು ಭಾಗದ ಬೆಲೆ, ಎರಡರಷ್ಟು ಗಟ್ಟಿ. ದಾರ ಹಾಯುವ ಬಿಲ್ಲೆಗಳು ಒಡೆದಲ್ಲಿ ಓಡಿಹೋದ ಗಂಡನ ಅಂಗಿಯ ಗುಂಡಿಗಳನ್ನು ಕಿತ್ತು ಹಾಕಿದಳು. ಕೊನೆಗೂ ಅವನಿಂದ ಒಂದು ಉಪಯೋಗವಾಯಿತು. ಒಲೆಯ ಹೊಗೆ ತಿಂದು ಮಾಸಿದ ಮಗ್ಗುಲನ್ನು ಹೊರಗೆ ತಿರುಗಿಸಿ, ಗಾಜಿನ ಕಡೆಗಿದ್ದ ಹಾಲುಬಣ್ಣದ ಮಗ್ಗುಲನ್ನು ಕೋಣೆಯ ಕಡೆಗೆ ತಂದಳು. ತೂತು ಬಿದ್ದಲ್ಲಿ ಚಾಲಕನ ಸೀಟಿನ ಹಿಂದೆ ಅಡ್ಡಕ್ಕೆ ಕಟ್ಟಿದ್ದ ಹರಿದ ಪರದೆಯಿಂದ ತೇಪೆ ಕತ್ತರಿಸಿ ನಿರಿಗೆಯ ಮಡಿಕೆಯೊಳಗೇ ಮುಚ್ಚಿದಳು. ಗಂಟು ಜಾರದಂತೆ ಹಾಕಲು ಅಂಟು ಬೇಕಿತ್ತು, ಇರಲಿಲ್ಲ. ತಮ್ಮನ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಮರೆತಿದ್ದ ಗುಲಾಬಿ ಉಗುರುಬಣ್ಣದ ಸೀಸೆಯನ್ನು ಹೇಳದೆ ಕೇಳದೆ ಎತ್ತಿಕೊಂಡಳು. ಪ್ರತಿ ಗಂಟಿಗೂ ಒಂದು ಹನಿ. ತಳಪಟ್ಟಿ ಮುಚ್ಚುವ ಮುನ್ನ ಪ್ರತಿಯೊಂದರಲ್ಲೂ ಒಂದು ತುಂಡು ಕೆಂಪು ದಾರ.

ಶುಕ್ರವಾರ ಸಂಜೆಯ ಹೊತ್ತಿಗೆ ಐದು ಮುಗಿದಿದ್ದವು. ಎಳೆದರೆ ಎಳೆದಲ್ಲಿ, ಬಿಟ್ಟರೆ ಬಿಟ್ಟಲ್ಲಿ. ಅವಳು ಮಂಚದ ಅಂಚಿಗೆ ಕೂತು ನೋಡುತ್ತಿದ್ದಾಗ, ಬಟ್ಟೆ ತಂತಿಯ ಹತ್ತಿರ ತಮ್ಮನ ಹೆಂಡತಿ ಫೋನಿನಲ್ಲಿ ತನ್ನ ತಂಗಿಯೊಡನೆ ಮಾತಾಡುವುದು ಕೇಳಿಸಿತು. ಡಬ್ಬದ ಗೋಡೆ ತೆಳು.

"ಮೂರು ವರ್ಷ ಕಣೇ! ಬೇಕೂ ಅಂತ ಕೈ ಕಟ್ಕೊಂಡು ಕೂತಿತ್ತು ಅಮ್ಮಣ್ಣಿ. ನಂಗೇನು ಗೊತ್ತಾಗಲ್ವಾ? ಕೈ ಹೋಗಿದೆ ಅಂತ ಒಂದು ಮಾತು ಅಂದೆ ನೋಡು, ಎದ್ದು ಏಳೂ ಪರದೆ ಕೀಳ್ತು. ಇನ್ನೇನು, ಸೋಮವಾರ ವಸತಿಯವರು ಒಂದು ಮಂಚ ಖಾಲಿ ಇಟ್ಟಿರ್ತಾರೆ. ಫಾರ್ಮು ತುಂಬಿಟ್ಟಿದೀನಿ."

ಕತ್ತರಿಯಕ್ಕನ ಮೈ ಉರಿಯಿತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಹೆಂಗಸು ತನ್ನನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದಾಳಲ್ಲ, ಅದು ಉರಿಸಿತು. ಇಪ್ಪತ್ತೇಳು ವರ್ಷ ಜೊತೆಗೆ ದುಡಿದವರಿಗೆ, ಹದಿನಾಲ್ಕು ವರ್ಷ ಬಾಳಿದ ಗಂಡನಿಗೆ ಸಿಗದ ಬೀಗದಕೈ ಇವಳಿಗೆ ಸಿಕ್ಕಿಬಿಟ್ಟಿತ್ತು.

ರಾತ್ರಿಯೆಲ್ಲ ಹಲ್ಲು ಕಡಿದು, ಶನಿವಾರ ಬೆಳಿಗ್ಗೆ ಅವಳೊಂದು ತೀರ್ಮಾನಕ್ಕೆ ಬಂದಳು. ಎರಡು ಬಾಕಿಯಿದ್ದವು: ಅಂಗಳದ ನೆರಳಲ್ಲಿ ಇನ್ನೂ ಒಣಗುತ್ತಿದ್ದ ಸಣ್ಣದು, ಮಲಗುವ ಕಡೆಯ ದೊಡ್ಡದು. ದೊಡ್ಡದಕ್ಕೆ ಜಾರುಗಂಟು. ಕಾರ್ಖಾನೆಯಲ್ಲಿ ಬಿಗಿ ನೋಡಲೆಂದು ಮೊದಲು ಹಾಕುವ ತಾತ್ಕಾಲಿಕ ಗಂಟು ಅದು; ಐದು ಸಲ ಎಳೆದರೆ ತಡೆಯುತ್ತದೆ, ಆರನೆಯ ಸಲಕ್ಕೆ ಬಿಟ್ಟುಕೊಳ್ಳುತ್ತದೆ. ಸರಿಯಾಗಿದೆ ಎಂದು ಕಂಡ ಮೇಲೆ ಅದರ ಮೇಲೆ ಜೋಡಿಗಂಟು ಬಿಗಿದು ಅಂಟು ಹಾಕಬೇಕು. ಅದನ್ನು ಹಾಕದೆ ಬಿಟ್ಟರಾಯಿತು. ಗಿರಾಕಿಯ ಕೈಯಲ್ಲೇ ಪರದೆ ದಬ್ಬೆಂದು ಬೀಳಲಿ. ಆಮೇಲೆ ಉಳಿದ ಆರನ್ನೂ ಅವರು ನಂಬುವುದಿಲ್ಲ, ಗಾಡಿಯನ್ನೂ ನಂಬುವುದಿಲ್ಲ. ಕೆಂಪು ದಾರವನ್ನು ಮಾತ್ರ ಇದರಲ್ಲಿ ಹಾಕುವುದಿಲ್ಲ ಎಂದೂ ನಿರ್ಧರಿಸಿದಳು. ಮೋಸ ಮಾಡುವುದಾದರೆ ಹೆಸರು ಹಾಕದೆ ಮಾಡಬೇಕು.

ಮಂಚದ ಮೇಲೆ ಪರದೆ ಹರವಿಕೊಂಡು, ದಾರ ಪೋಣಿಸಿ, ಜಾರುಗಂಟು ಹಾಕಿ, ಬಿಗಿ ನೋಡುತ್ತಿದ್ದಳು. ಎದುರಿನ ತೆರೆದ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ತಮ್ಮನ ಹೆಂಡತಿ ಏಳನೆಯ ಪರದೆಯನ್ನು, ಒಲೆಯ ಪಕ್ಕದ ಸಣ್ಣ ಕಿಟಕಿಯದನ್ನು, ಕ್ಲಿಪ್ಪು ಕಿತ್ತು, ಉದ್ದಕ್ಕೆ ಬಿಚ್ಚಿ, ಬಿಸಿಲಲ್ಲಿ ತಂತಿಗೆ ನೇತುಹಾಕುತ್ತಿದ್ದಳು.

"ಏಯ್! ಮುಟ್ಟಬೇಡ ಅದನ್ನ!" ಕತ್ತರಿಯಕ್ಕ ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದಳು.

"ಇದೊಂದು ಇನ್ನೂ ತಣ್ಣಗಿದೆ ಅತ್ತಿಗೆ! ಮುಚ್ಚಿಟ್ರೆ ಬೂಷ್ಟು ಹಿಡಿಯತ್ತೆ. ಒಣಗ್ಲಿ ಅಂತ ಹಾಕ್ದೆ!"

"ನಿನ್ನ ತಲೆಗೆ ಹಿಡಿದಿದೆ ಬೂಷ್ಟು! ನಾಲ್ಕು ದಿನ ಮುಚ್ಚಿ ಕಾಪಾಡಿದೀನಿ ಆ ನಿರಿಗೇನ, ಎರಡು ನಿಮಿಷದಲ್ಲಿ ಕೊಂದೆಯಲ್ಲೇ ಪಾಪಿ! ಇಳ್ಸು! ಇಳ್ಸು ಅಂದೆ!"

"ಒಳ್ಳೇದು ಮಾಡೋಕೆ ಹೋದ್ರೆ ಹೀಗೆ. ನನ್ನ ಉಗುರುಬಣ್ಣ ಕದ್ದೋರು ಯಾರು, ಅದನ್ನ ಹೇಳಿ ಮೊದ್ಲು!"

"ಹೌದು, ತಗೊಂಡೆ! ನಿನ್ನ ಉಗುರಿಗಿಂತ ನನ್ನ ಗಂಟಿಗೆ ಚೆನ್ನಾಗಿ ಒಪ್ಪತ್ತೆ ಅದು!"

ಅರ್ಧ ಬೀದಿ ಕೇಳಿಸಿಕೊಂಡಿತು. ವಂಶದಲ್ಲಿ ಸತ್ತವರೂ ಇದ್ದವರೂ ಎಲ್ಲ ಆ ಜಗಳದಲ್ಲಿ ಬಂದು ಹೋದರು. ಬಾಯಿ ಕಿಟಕಿಯ ಹೊರಗಿತ್ತು, ಕೈ ಮಡಿಲಲ್ಲಿತ್ತು. ಕೊನೆಗೆ ಗಂಟಲು ಒಣಗಿ ಅವಳು ತಲೆ ಒಳಗೆಳೆದುಕೊಂಡಾಗ ತಳಪಟ್ಟಿಯ ಮುಚ್ಚಳ ಹಾಕಿಯಾಗಿತ್ತು. ಪರದೆ ಎತ್ತಿ ಕಿಟಕಿಗೆ ಸಿಕ್ಕಿಸಿ, ಎಳೆದು ನೋಡದೆ, ಹೊರಗೋಡಿದಳು. ಸಂಜೆಯವರೆಗೆ ಆ ಸಣ್ಣ ಪರದೆಯ ಒಂದೊಂದು ನಿರಿಗೆಗೂ ಸ್ಕೇಲು ಇಟ್ಟು, ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಒತ್ತಿ, ರಾತ್ರಿ ದಾರ ಪೋಣಿಸಿ ಸಿಕ್ಕಿಸಿದಳು. ನಲವತ್ತೆರಡು ನಿರಿಗೆ. ನಲವತ್ತೆರಡು ಸಲ ತಮ್ಮನ ಹೆಂಡತಿಗೆ ಶಾಪ ಹಾಕಿದಳು.

ಭಾನುವಾರ ಹತ್ತು ಗಂಟೆಗೆ ಪಾರ್ಟಿ ಬಂತು. ಗಂಡ ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಮಾತಿಗೆ ಮುಂಚೆ ಹೆಂಡತಿಯ ಕಡೆ ನೋಡುವವನು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಗಟ್ಟಿಗಿತ್ತಿ ಎಂದು ಹತ್ತಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವಳೇ ಕಟ್ಟೆ, ಮೇಜು ಯಾವುದನ್ನೂ ನೋಡದೆ ಸೀದಾ ಕಿಟಕಿಗೆ ಹೋದಳು.

"ನಂಗೆ ಕತ್ತಲೆ ಬೇಕು" ಎಂದಳು. "ಮೂವತ್ತು ವರ್ಷ ರಾತ್ರಿ ಡ್ಯೂಟಿ ಮಾಡಿ, ಹಗಲು ಕಣ್ಣಿಗೆ ಟವೆಲ್ ಕಟ್ಕೊಂಡು ಮಲಗಿದೀನಿ. ಈಗ್ಲೂ ನಿದ್ದೆ ಬರೋದು ಹಗಲಲ್ಲೇ. ಇನ್ನು ಟವೆಲ್ ಕಟ್ಟಲ್ಲ ನಾನು."

ಒಂದೊಂದೇ ಪರದೆ ಎಳೆದಳು. ಅರ್ಧಕ್ಕೆ ಬಿಟ್ಟಳು, ಅರ್ಧಕ್ಕೇ ನಿಂತಿತು. ಒಲೆಯ ಪಕ್ಕದ ನಲವತ್ತೆರಡು ನಿರಿಗೆಯೂ ಮಾನ ಉಳಿಸಿದವು. ತಮ್ಮ, ಅವನ ಹೆಂಡತಿ ಬಾಗಿಲಲ್ಲಿ, ಕತ್ತರಿಯಕ್ಕ ಮೂಲೆಯಲ್ಲಿ. ನರ್ಸಮ್ಮ ಮಂಚದ ಕಡೆ ನಡೆದಾಗ ಕತ್ತರಿಯಕ್ಕ ಎಣಿಕೆ ಶುರು ಮಾಡಿದಳು. ನರ್ಸಮ್ಮ ಎಳೆದಳು, ಎತ್ತಿದಳು. ಒಂದು. ಎರಡು. ಮಲಗುವ ಜಾಗವಾದ್ದರಿಂದ ಅವಳಿಗೆ ಇಲ್ಲೇ ಹೆಚ್ಚು ಅನುಮಾನ. ಐದು. ಇನ್ನೊಂದು ಸಲ ಎಳೆ ತಾಯಿ, ಎಂದು ಕತ್ತರಿಯಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಆರು. ಏಳು. ಹನ್ನೆರಡು ಸಲ ಎಳೆದರೂ ಪರದೆ ಬಿಟ್ಟಲ್ಲೇ ನಿಂತಿತ್ತು.

"ಯಾರು ಮಾಡಿದ್ದು ಇದನ್ನ?" ನರ್ಸಮ್ಮ ಕೇಳಿದಳು.

"ಅಂಗಡೀಲಿ ಮಾಡ್ಸಿದ್ದು" ಎಂದಳು ತಮ್ಮನ ಹೆಂಡತಿ ಥಟ್ಟನೆ. "ಪೇಟೇಲಿ ದೊಡ್ಡ ಅಂಗಡಿ. ಎಲ್ಲ ಹೊಸದೇ."

"ಯಾವ ಅಂಗಡಿ? ಚೀಟಿ ಇದ್ಯಾ? ದಾರದ ಕೆಲಸ ಇದು. ನಾಳೆ ಹರಿದ್ರೆ ಯಾರು ಕಟ್ಟಿಕೊಡ್ತಾರೆ? ಮಾಡಿದೋರನ್ನ ಕಂಡು ಮಾತಾಡದೆ ನಾನು ತಗೊಳ್ಳಲ್ಲ."

ತಮ್ಮನ ಹೆಂಡತಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. "ಅದು... ಆ ಕಡೆ... ಬಸ್ ನಿಲ್ದಾಣದ ಹಿಂದೆ..." ತಮ್ಮ ತನ್ನ ಚಪ್ಪಲಿಯ ಉಂಗುಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ವ್ಯಾಪಾರ ಅಲ್ಲೇ ಮುರಿಯುತ್ತಿತ್ತು, ಡಬ್ಬ ಉಳಿಯುತ್ತಿತ್ತು. ಆದರೆ ಅಂಗಡಿಯವರು! ಗಂಡನ ಗುಂಡಿ, ಗಾಳದ ದಾರ, ನಲವತ್ತೆರಡು ನಿರಿಗೆ, ಎಲ್ಲ ಅಂಗಡಿಯವರದು! ಅಲ್ಲದೆ ಪರದೆಗಳು ಈಗ ನೆಟ್ಟಗೆ ನಿಂತಿವೆ. ಮುಂದಿನ ಭಾನುವಾರ ಏಳನೆಯ ಪಾರ್ಟಿ ಬಂದೇ ಬರುತ್ತದೆ.

"ನಾನು ಮಾಡಿದ್ದು" ಎಂದಳು.

"ಅತ್ತಿಗೆಗೆ ವಯಸ್ಸಾಗಿದೆ" ತಮ್ಮನ ಹೆಂಡತಿ ನಕ್ಕಳು. "ಒಂದೊಂದ್ಸಲ ಏನೇನೋ ಹೇಳ್ತಾರೆ, ಪಾಪ."

"ತಳಪಟ್ಟಿ ಬಿಚ್ಚಿ ನೋಡಮ್ಮ" ಕತ್ತರಿಯಕ್ಕ ನರ್ಸಮ್ಮನಿಗೆ ಹೇಳಿದಳು. "ನಮ್ಮ ಕಾರ್ಖಾನೇಲಿ ಪ್ರತಿಯೊಬ್ರಿಗೂ ಒಂದು ಬಣ್ಣ. ನಾನು ಮಾಡಿದ್ರೆ ಒಳಗೆ ಕೆಂಪು ದಾರ ಇರತ್ತೆ. ಇಪ್ಪತ್ತೇಳು ವರ್ಷದಲ್ಲಿ ಕೆಂಪು ದಾರದ್ದು ಒಂದೂ ವಾಪಸ್ ಬಂದಿಲ್ಲ."

"ಸರಿ" ಎಂದು ನರ್ಸಮ್ಮ ಕೈಯಲ್ಲಿ ಹಿಡಿದಿದ್ದ ಪರದೆಯನ್ನೇ ಮುಂದೆ ಚಾಚಿದಳು. "ಇದನ್ನೇ ಬಿಚ್ಚಿ."

ಮಲಗುವ ಕಡೆಯದು! ಏಳರಲ್ಲಿ ಆರಕ್ಕೆ ಕೆಂಪು ದಾರವಿತ್ತು, ಇದೊಂದಕ್ಕಿರಲಿಲ್ಲ, ಬೇಕೆಂದೇ ಹಾಕಿರಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದೆ ಎಂದುಕೊಂಡು, ಬೇರೆ ದಾರಿ ಕಾಣದೆ, ಕತ್ತರಿಯಕ್ಕ ಮುಚ್ಚಳಕ್ಕೆ ಉಗುರು ಹಾಕಿ ಎಳೆದಳು. ಟಪ್ ಎಂದು ಬಂತು.

ಒಳಗೆ ಜೋಡಿಗಂಟಿತ್ತು. ಗಂಟಿನ ಮೇಲೆ ಗುಲಾಬಿ ಬಣ್ಣದ ಒಂದು ಹನಿ ಒಣಗಿತ್ತು. ಪಕ್ಕದಲ್ಲಿ, ಅಚ್ಚುಕಟ್ಟಾಗಿ ಕಟ್ಟಿದ, ಒಂದು ತುಂಡು ಕೆಂಪು ದಾರ.

ಎಲ್ಲರಿಗಿಂತ ಹೆಚ್ಚು ಹೊತ್ತು ಅದನ್ನು ನೋಡುತ್ತ ನಿಂತವಳು ಕತ್ತರಿಯಕ್ಕನೇ. ಹಾಕಿದ ನೆನಪು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಶನಿವಾರ ಅವಳು ಕಿಟಕಿಯಾಚೆ ತಲೆ ಹಾಕಿ ವಂಶ ಜಾಲಾಡುತ್ತಿದ್ದಾಗ, ಮಡಿಲಲ್ಲಿದ್ದ ಕೈಗಳು ಜೋಡಿಗಂಟು ಬಿಗಿದು, ಬಣ್ಣದ ಹನಿ ಹಾಕಿ, ಕೆಂಪು ದಾರ ಕಟ್ಟಿ, ಮುಚ್ಚಳ ಮುಚ್ಚಿದ್ದವು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅಳು ಬಂದ ಹಾಗಾಯಿತು, ಆ ಕೈಗಳ ಮೇಲೆ ಸಿಟ್ಟೂ ಬಂತು. ತಮ್ಮನ ಹೆಂಡತಿ ತನ್ನ ಉಗುರುಬಣ್ಣವನ್ನು ಗುರುತು ಹಿಡಿದು ತುಟಿ ಕಚ್ಚಿಕೊಂಡಳು.

"ನೀವೇ ಮಾಡಿದ್ದು. ಒಪ್ಪಿದೆ" ಎಂದಳು ನರ್ಸಮ್ಮ. "ಇನ್ನೊಂದೇ ಮಾತು. ದಾರ ಹರಿದ್ರೆ ನಿಮ್ಮನ್ನ ಎಲ್ಲಿ ಬಂದು ಹುಡುಕ್ಲಿ? ನೀವೆಲ್ಲಿರ್ತೀರಾ?"

ಸಾಧಾರಣ ಪ್ರಶ್ನೆ. ಈ ಮೂರು ವರ್ಷದಲ್ಲಿ ಆ ಮನೆಯವರು ಯಾರೂ ಅದನ್ನು ಅವಳಿಗೆ ಕೇಳಿರಲಿಲ್ಲ. ಕತ್ತರಿಯಕ್ಕ ತಮ್ಮನ ಹೆಂಡತಿಯ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಒಂದು ಮಾತಿಗೆ ತನ್ನನ್ನು ಎಬ್ಬಿಸಿದ ಹೆಂಗಸಿಗೆ ತಾನೂ ಒಂದು ಮಾತಿನ ಸಾಲ ತೀರಿಸಬೇಕು ಎಂದು ಅವಳಿಗೆ ಅನ್ನಿಸಿತು.

"ಇಲ್ಲೇ ಇರ್ತೀನಿ" ಎಂದಳು. "ಗ್ಯಾರೇಜ್ ಪಕ್ಕದ ಕೋಣೆ. ಅಡುಗೆಮನೆ ಎದುರಿಗೆ. ಮಿಷನ್ನೂ ಅಲ್ಲೇ ಇರತ್ತೆ. ಯಾವಾಗ ಬಂದ್ರೂ ಸಿಗ್ತೀನಿ. ಬೇಕಾದ್ರೆ ನಮ್ಮ ತಮ್ಮನ ಹೆಂಡ್ತೀನ ಕೇಳಿ."

"ಹೌದಾ?" ನರ್ಸಮ್ಮ ತಿರುಗಿದಳು. "ಇವರು ಇಲ್ಲೇ ಇರ್ತಾರೆ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಬೇಡ."

ತಮ್ಮನ ಹೆಂಡತಿ ಗಂಡನನ್ನು ನೋಡಿದಳು, ಗಿರಾಕಿಯನ್ನು ನೋಡಿದಳು, ಆ ಗುಲಾಬಿ ಹನಿಯನ್ನು ನೋಡಿದಳು. "ಹೂಂ" ಎಂದಳು ಹಲ್ಲಿನ ನಡುವಿನಿಂದ. "ಎಲ್ಲಿಗೆ ಹೋಗ್ತಾರೆ? ಇಲ್ಲೇ ಇರ್ತಾರೆ."

"ಹಾಗಾದ್ರೆ ಮಾರಾಟದ ಕಾಗದದಲ್ಲೇ ಬರೀರಿ. ಪರದೆ ರಿಪೇರಿಗೆ ಇದೇ ವಿಳಾಸ, ಇವರೇ ಮಾಡಿಕೊಡ್ತಾರೆ ಅಂತ."

"ಬರೀತೀನಿ" ಎಂದ ತಮ್ಮ. ಹುಟ್ಟಿದಾಗಿನಿಂದ ಅವನು ಆಡಿದ ನೇರ ಮಾತು ಅದೊಂದೇ ಇರಬೇಕು. "ಅಕ್ಕ ಇಲ್ಲೇ ಇರ್ತಾಳೆ."

ಸೋಮವಾರ ಟಯರುಗಳು ಅಂಗಳಕ್ಕೆ ಬಂದವು, ಮಿಷನ್ನು ಕೋಣೆಗೆ ಹೋಯಿತು. ತುಂಬಿಟ್ಟಿದ್ದ ಫಾರ್ಮು ಏನಾಯಿತೋ ಯಾರೂ ಕೇಳಲಿಲ್ಲ. ಬುಧವಾರ ಡಬ್ಬ ಹೊರಟಿತು, ಏಳೂ ಪರದೆ ಅರ್ಧಕ್ಕೆ ಇಳಿದು ಒಂದೇ ಸಮಕ್ಕೆ ನಿಂತಿದ್ದವು. ಕತ್ತರಿಯಕ್ಕ ಗೇಟಿನವರೆಗೂ ಹೋಗಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಹುಲ್ಲಿಲ್ಲದ ಉದ್ದನೆಯ ಮಣ್ಣು ಉಳಿಯಿತು.

ಅವಳ ಕೋಣೆಗೆ ಒಂದೇ ಕಿಟಕಿ. ಎರಡು ಮಾರು ಆಚೆಗೆ ಅಡುಗೆಕೋಣೆಯ ಕಿಟಕಿ. ಬೆಳಿಗ್ಗೆ ಎದ್ದು ಒಲೆ ಹಚ್ಚಿದರೆ ತಮ್ಮನ ಹೆಂಡತಿಗೆ ಮೊದಲು ಕಾಣುವುದು ಮಿಷನ್ನಿನ ಹಿಂದೆ ಕೂತ ಕತ್ತರಿಯಕ್ಕ. ಕತ್ತರಿಯಕ್ಕನಿಗೆ ಮೊದಲು ಕಾಣುವುದು ಅವಳು. ಒಂದು ವಾರ ಇಬ್ಬರೂ ಹಾಗೇ ದಿಟ್ಟಿಸಿಕೊಂಡರು. ಎಂಟನೆಯ ದಿನ ತಮ್ಮನ ಹೆಂಡತಿ ಸೋತಳು.

"ಅತ್ತಿಗೆ" ಎಂದಳು ಕಿಟಕಿಯ ಸರಳು ಹಿಡಿದು. "ಊರಿಗೆಲ್ಲ ಮಾಡಿಕೊಡ್ತೀರಾ. ನಿಮ್ಮ ಈ ಕಿಟಕಿಗೆ ಒಂದು ಪರದೆ ಹಾಕ್ಕೋಬಾರ್ದಾ? ಬೆಳಗಾಗೆದ್ದು ನಿಮ್ಮ ಮುಖ ನೋಡಿ ನೋಡಿ ಸಾಕಾಯ್ತು ನಂಗೆ."

"ಹಾಕ್ತಿದ್ದೆ ಕಣಮ್ಮ" ಎಂದಳು ಕತ್ತರಿಯಕ್ಕ. "ಏನ್ಮಾಡ್ಲಿ, ಕೈ ಹೋಗಿದೆ."

ಹಾಗೆಂದು, ಸೂಜಿಯನ್ನು ಅಡುಗೆಕೋಣೆಯ ಕಡೆಯ ಬೆಳಕಿಗೆ ಎತ್ತಿ ಹಿಡಿದು, ಕೆಂಪು ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು.